ಹಳದಿ ಗೆರೆ ಎರಡಾದ ದಿನ

ಆ ಪೆಟ್ಟಿಗೆ ನಮ್ಮ ಮನೆಯ ಒಗ್ಗರಣೆ ಡಬ್ಬಿಗಿಂತ ದೊಡ್ಡದಿರಲಿಲ್ಲ. ಒಂದು ಕಡೆಯಿಂದ ಕಂಪ್ಯೂಟರಿಗೆ ಹೋಗುವ ತಂತಿ, ಇನ್ನೊಂದು ಕಡೆಯಿಂದ ಆಸ್ಪತ್ರೆಯ ಡ್ರಿಪ್ ನಳಿಗೆಯಷ್ಟು ದಪ್ಪದ ಒಂದು ಕಪ್ಪು ಫೈಬರ್. ಹೊಸದಾಗಿ ಸೇರಿದ ಉಪನ್ಯಾಸಕಿ ಆ ಫೈಬರಿನ ತುದಿಯನ್ನು ತರಗತಿಯ ಹಳೆಯ ಟ್ಯೂಬ್‌ಲೈಟಿನ ಕಡೆ ಹಿಡಿದಳು. ಗೋಡೆಯ ಪರದೆಯ ಮೇಲೆ ಚೂಪು ಚೂಪಾದ ಶಿಖರಗಳು ಎದ್ದು ನಿಂತವು. ಒಬ್ಬ ಹುಡುಗನ ಮೊಬೈಲಿಗೆ ಹಿಡಿದಳು. ಶಿಖರಗಳು ಕರಗಿ ಮೂರು ಗುಡ್ಡಗಳಾದವು, ನೀಲಿ, ಹಸಿರು, ಕೆಂಪು. ತರಗತಿ ಚಪ್ಪಾಳೆ ತಟ್ಟಿತು.

ದೆಹಲಿಯ ಈ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತ ನನ್ನ ಕೂದಲು ಬೆಳ್ಳಗಾಗಿದೆ. ನನ್ನ ಯಾವ ಪ್ರಯೋಗಕ್ಕೂ ಯಾರೂ ಚಪ್ಪಾಳೆ ತಟ್ಟಿದ ನೆನಪಿಲ್ಲ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನಗೆ ಹೊಟ್ಟೆ ಉರಿಯಿತು. ಇದನ್ನು ಬೇರೆ ಯಾವ ಮರ್ಯಾದಸ್ಥ ಮಾತಿನಲ್ಲೂ ಹೇಳಲು ನನಗೆ ಬರುವುದಿಲ್ಲ.

ಬೆಳಕಿನ ಬಣ್ಣಗಳನ್ನು ಬಿಡಿಸಿ ತೋರಿಸುವ ಅದೇ ಕೆಲಸದ ನನ್ನ ಸ್ಪೆಕ್ಟ್ರೋಮೀಟರುಗಳು ಬೇರೆ ಜಾತಿಯವು. ಹಿತ್ತಾಳೆ ಮತ್ತು ಎರಕದ ಕಬ್ಬಿಣದವು, ಒಂದೊಂದನ್ನು ಎತ್ತಲು ಎರಡೂ ಕೈ ಬೇಕು. ಒಂದು ಕಡೆ ಕೊಲಿಮೇಟರ್ ಎಂಬ ಕೊಳವೆ. ಅದರ ತುದಿಯಲ್ಲಿ ಸ್ಲಿಟ್ ಎನ್ನುವ ಕೂದಲೆಳೆಯಷ್ಟು ಸಣ್ಣ ಸೀಳು, ಬೆಳಕು ಒಳಗೆ ಬರುವುದು ಅಲ್ಲಿಂದ. ನಡುವೆ ಒಂದು ಪುಟ್ಟ ಮೇಜು, ಅದರ ಮೇಲೆ ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸುವ ಗ್ರೇಟಿಂಗ್ ಎಂಬ ಗಾಜು. ಇನ್ನೊಂದು ಕಡೆ ಟೆಲಿಸ್ಕೋಪ್. ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ಅದಕ್ಕೆ ಹಚ್ಚಿ ನೋಡಬೇಕು. ಒಬ್ಬ ನೋಡುವಾಗ ಉಳಿದವರು ಆಕಳಿಸುತ್ತ ನಿಂತಿರಬೇಕು. ಚಪ್ಪಾಳೆ ತಟ್ಟಲು ಅಲ್ಲಿ ಅವಕಾಶವಾದರೂ ಎಲ್ಲಿದೆ?

ಇವುಗಳಿಗೆ ನಾನು ಮಾಡಿಟ್ಟ ಒಂದು ನಿಯಮವಿದೆ. ಮೊದಲು ಟೆಲಿಸ್ಕೋಪನ್ನು ಕಿಟಕಿಯ ಹೊರಗೆ, ಬಹು ದೂರದಲ್ಲಿರುವ ನೀರಿನ ಟ್ಯಾಂಕಿಗೆ ತಿರುಗಿಸಿ ಫೋಕಸ್ ಮಾಡಬೇಕು. ಆಮೇಲೆ ಪ್ರಯೋಗ ಮುಗಿಯುವ ತನಕ ಆ ಫೋಕಸ್ ತಿರುಪನ್ನು ಯಾರೂ ಮುಟ್ಟಬಾರದು. ಮಡಿಯಲ್ಲಿರುವ ಅಜ್ಜಿಯನ್ನು ಮಕ್ಕಳು ಮುಟ್ಟಬಾರದಲ್ಲ, ಹಾಗೆ. ಮುಟ್ಟಿದವರನ್ನು ಮತ್ತೆ ಕಿಟಕಿಗೆ ಕಳಿಸುತ್ತೇನೆ. ಹುಡುಗರು ಅದಕ್ಕೆ 'ಸರ್ ಕಾ ಸ್ಕ್ರೂ' ಎಂದು ಹೆಸರಿಟ್ಟಿದ್ದಾರೆ. ನನ್ನ ಬೆನ್ನ ಹಿಂದೆ ಅದನ್ನು ಬೇರೆ ಅರ್ಥದಲ್ಲೂ ಬಳಸುತ್ತಾರೆಂದು ಗೊತ್ತು.

ಚಪ್ಪಾಳೆಯ ಮರುವಾರವೇ ವಿಭಾಗದ ಮುಖ್ಯಸ್ಥೆ ನಮ್ಮಿಬ್ಬರನ್ನೂ ಕರೆಸಿದರು. ಅವರು ರೋಹ್ತಕ್ ಕಡೆಯವರು, ಮಾತು ನೇರ. ಎರಡನೆಯ ವರ್ಷದವರಿಗೆ ಬೇರೆ ಬೇರೆ ದೀಪಗಳ ಸ್ಪೆಕ್ಟ್ರಮ್, ಅಂದರೆ ಬಣ್ಣಸಾಲು, ನೋಡುವ ಪ್ರಯೋಗವನ್ನು ಹೊಸದಾಗಿ ಹಾಕಬೇಕಿತ್ತು. ವಿಭಾಗಕ್ಕೆ ಇರುವುದು ಒಂದೇ ಡಾರ್ಕ್ ರೂಮ್.

"ಸರ್ ಜೀ, ಆಪ್ ಅಪ್ನಾ ದಿಖಾಯಿಯೇ. ಬೇಟಾ, ತುಮ್ ಅಪ್ನಾ. ಮೈಂ ದೇಖೂಂಗೀ," ಅಂದರು. ತಿಂಗಳ ಕೊನೆಯಲ್ಲಿ ತಾವೇ ಬಂದು ಎರಡನ್ನೂ ನೋಡಿ ಒಂದನ್ನು ಆರಿಸುತ್ತೇನೆ ಎಂದೂ, ಆಕೆಯದು ಗೆದ್ದರೆ ಡಾರ್ಕ್ ರೂಮ್ ಆಕೆಯ ವಶಕ್ಕೆ ಹೋಗಿ ನನ್ನ ಹಳೆಯವು ಹರಾಜಿಗೆ ಹೋಗುತ್ತವೆ ಎಂದೂ ವಿವರಿಸಿದರು. ಹರಾಜು ಎಂದರೇನೆಂದು ನಾನು ಬಲ್ಲೆ. ಹಿಂದೊಮ್ಮೆ ನಮ್ಮ ಗ್ಯಾಲ್ವನೋಮೀಟರುಗಳು ಗುಜರಿ ಕೊಳ್ಳುವ ಕಬಾಡಿಯವನ ತಳ್ಳುಗಾಡಿಯಲ್ಲಿ, ಹಳೆಯ ಕೂಲರುಗಳ ಮೇಲೆ ಮಲಗಿ ಗೇಟು ದಾಟಿದ್ದನ್ನು ನೋಡಿದ್ದೇನೆ. ಹಿತ್ತಾಳೆಯನ್ನು ತೂಕಕ್ಕೆ ಹಾಕಿದ್ದರು.

ನನ್ನನ್ನು 'ಸರ್ ಜೀ' ಎಂದದ್ದೂ ಆಕೆಯನ್ನು 'ಬೇಟಾ' ಎಂದದ್ದೂ ಬೇರೆ ಕಿವಿಗೆ ಚುಚ್ಚಿತು.

ಬೇರೆ ಯಾರಾದರೂ ಆಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲವೇನೋ. ಆಕೆ ದಾವಣಗೆರೆಯವಳು. ಸೇರಿದ ದಿನ ಸ್ಟಾಫ್ ರೂಮಿನಲ್ಲಿ ಯಾರೋ "ಆಪ್ ಕೇ ಗಾಂವ್ ಕೀ ಹೈ", ನಿಮ್ಮ ಊರಿನವಳೇ, ಎಂದು ಪರಿಚಯಿಸಿದಾಗ ನಾನೇ ಕುಣಿದಾಡಿದ್ದೆ. ನನ್ನ ತುಮಕೂರಿಗೂ ದಾವಣಗೆರೆಗೂ ಎಷ್ಟು ದೂರ ಎಂದು ದೆಹಲಿಯವರಿಗೆ ಹೇಳಿ ಪ್ರಯೋಜನವಿಲ್ಲ. ಅದೇ ಭಾನುವಾರ ಆಕೆಯನ್ನು ಕಿದ್ವಾಯಿ ನಗರದ ನಮ್ಮ ಕ್ವಾರ್ಟರ್ಸಿಗೆ ಊಟಕ್ಕೆ ಕರೆದೆ. ಕ್ವಾರ್ಟರ್ಸ್ ನನ್ನ ಹೆಂಡತಿಗೆ ಸಿಕ್ಕದ್ದು, ಅವಳು ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಸೆಕ್ಷನ್ ಆಫೀಸರ್. ಬಿಸಿಬೇಳೆಬಾತ್ ಬಡಿಸುತ್ತ ನಾನು "ಹಾಕಿಸ್ಕೋಮ್ಮಾ, ಸಂಕೋಚ ಪಡಬೇಡ" ಎಂದು ಉಪಚಾರ ಮಾಡಿದ್ದೇ ಮಾಡಿದ್ದು. ಈಗ ಅದೇ ಬಾಯಲ್ಲಿ 'ಮೇಡಂ' ಎನ್ನತೊಡಗಿದ್ದೆ.

"ರೀ, ಪಾಪ ಆ ಹುಡುಗಿ ಏನು ಮಾಡಿದ್ಲು ಅಂತ ಮೇಡಂ ಮೇಡಂ ಅಂತೀರಿ?" ಎಂದು ಹೆಂಡತಿ ಒಂದು ಬೆಳಿಗ್ಗೆ ಕೇಳಿದಳು. ನನ್ನ ಫೋನಿನ ಮಾತು ಅವಳಿಗೆ ಕೇಳಿಸಿತ್ತು.

"ಸಹೋದ್ಯೋಗಿ ಅಲ್ವೇನೆ? ಗೌರವ ಕೊಡ್ಬೇಕು."

"ಗೌರವ ಅಲ್ಲ ಇದು, ಹೊಟ್ಟೆಕಿಚ್ಚು. ನಂಗೆ ಗೊತ್ತಾಗಲ್ವಾ? ತಗೊಳ್ಳಿ, ಚಟ್ನಿಪುಡಿ ಮಾಡಿದೀನಿ. ಅವಳಿಗೊಂದು ಡಬ್ಬಿ, ಕೊಟ್ಬಿಡಿ."

ಹಾಗೆ ನನ್ನ ಮನೆಯ ಚಟ್ನಿಪುಡಿಯನ್ನು ನಾನೇ ಹೊತ್ತುಕೊಂಡು ಹೋಗಿ ಎದುರಾಳಿಗೆ ಒಪ್ಪಿಸಿದೆ. "ಆಂಟಿ ಎಷ್ಟು ಒಳ್ಳೇವ್ರು ಸರ್!" ಅಂದಳು. ಆಂಟಿ ಒಳ್ಳೆಯವರು, ಸರ್ ಬಗ್ಗೆ ಮಾತಿಲ್ಲ.

ನನ್ನ ಹತ್ತಿರ ಒಂದು ತುರುಪಿನ ಎಲೆಯಿತ್ತು. ಸೋಡಿಯಂ ದೀಪದ ಹಳದಿ ಬೆಳಕು ನೋಡುವುದಕ್ಕೆ ಒಂದೇ ಗೆರೆಯಾಗಿ ಕಾಣುತ್ತದೆ. ಅದು ನಿಜವಾಗಿ ಒಂದಕ್ಕೊಂದು ಒತ್ತಿಕೊಂಡ ಎರಡು ಗೆರೆ. ಆಕೆಯ ಪೆಟ್ಟಿಗೆ ಅವೆರಡನ್ನು ಬಿಡಿಸಲಾರದು. ಆಕೆ ಸೋಡಿಯಂ ತೋರಿಸಿದಾಗ ಪರದೆಯ ಮೇಲೆ ಎದ್ದದ್ದು ಒಂದೇ ದಪ್ಪ ಗುಡ್ಡ, ನಾನು ಕಣ್ಣಾರೆ ನೋಡಿದ್ದೆ. ನನ್ನ ಹಿತ್ತಾಳೆಯ ಯಂತ್ರ ಬಿಡಿಸುತ್ತದೆ. ಗ್ರೇಟಿಂಗ್ ಒಂದೇ ಬಣ್ಣಸಾಲನ್ನು ನಡುವಿನಿಂದ ಹೊರಕ್ಕೆ ಮತ್ತೆ ಮತ್ತೆ ಹಾಸುತ್ತದೆ. ಎರಡನೆಯ ಸಾಲಿಗೆ ಬರುವ ಹೊತ್ತಿಗೆ ಬಣ್ಣಗಳು ಎಷ್ಟು ಹರಡಿಕೊಂಡಿರುತ್ತವೆಂದರೆ ಆ ಹಳದಿ ಗೆರೆ ಸ್ಪಷ್ಟವಾಗಿ ಎರಡಾಗಿ ನಿಲ್ಲುತ್ತದೆ. ಮುಖ್ಯಸ್ಥೆಯ ಕಣ್ಣಿಗೆ ಆ ಎರಡು ಗೆರೆ ಬಿದ್ದರೆ ಸಾಕು, ಪೆಟ್ಟಿಗೆಯ ಬಣ್ಣ ಬಯಲಾಗುತ್ತದೆ ಎಂದು ನನ್ನ ಲೆಕ್ಕ.

ದೀಪಗಳನ್ನು ಕೂಡಿಸಲು ಕರೋಲ್ ಬಾಗಿಗೆ ಹೋದೆ. ಹೋಲಿಕೆಗೆ ಹಳೆಯ ಕಾಲದ ತಂತುವಿನ ಬಲ್ಬು ಬೇಕಿತ್ತು. ಅದರ ಬೆಳಕಿನಲ್ಲಿ ಕೆಂಪಿನಿಂದ ನೇರಳೆಯವರೆಗೆ ಎಲ್ಲೂ ತುಂಡಾಗದ ಪಟ್ಟಿ ಕಾಣುತ್ತದೆ. ಮೆಟ್ರೋ ಇಳಿದು ರಿಕ್ಷಾಗಳ ನಡುವೆ ನುಸುಳಿ ಅಂಗಡಿ ಅಂಗಡಿ ಕೇಳಿದೆ. ಎಲ್ಲ ಕಡೆ ಎಲ್‌ಇಡಿ, ದೀಪಾವಳಿಯಲ್ಲಿ ಮಿಕ್ಕ ಝಾಲರು ಎಂಬ ಮಾಲೆದೀಪಗಳು. ಕೊನೆಗೆ ಒಬ್ಬ ಅಂಗಡಿಯವನು ನಕ್ಕ.

"ಪೀಲಾ ವಾಲಾ ಬಲ್ಬ್? ಕಲ್ ಏಕ್ ಮೇಡಂ ಆಯೀ ಥೀ ಸರ್, ಜಿತನೇ ಥೇ ಸಬ್ ಲೇ ಗಯೀ."

"ಭಯ್ಯಾ, ಏಕ್ ಭೀ ನಹೀಂ?"

"ಏಕ್ ಭೀ ನಹೀಂ."

ಹಿಂದಿನ ದಿನವೇ ಬಂದು ಇದ್ದದ್ದನ್ನೆಲ್ಲ ಒಯ್ದದ್ದು ಯಾವ ಮೇಡಂ ಎಂದು ಕೇಳುವ ಅಗತ್ಯವಿರಲಿಲ್ಲ. ಮರುದಿನ ಆಕೆಯೇ ನನ್ನ ಮೇಜಿಗೆ ಬಂದು ಕಾಗದದಲ್ಲಿ ಸುತ್ತಿದ ಒಂದು ಬಲ್ಬು ಇಟ್ಟಳು. "ನಿಮಗೂ ಬೇಕಾಗುತ್ತೆ ಅಂತ ತಂದೆ ಸರ್. ಈಗ ಎಲ್ಲೂ ಸಿಗಲ್ಲ." ಥ್ಯಾಂಕ್ಸ್ ಅಂದೆ. ಬಲ್ಬು ಕೊಡದೆ ಇದ್ದಿದ್ದರೆ ಕನಿಷ್ಠ ಆಕೆಯನ್ನು ಬೈದುಕೊಳ್ಳುವ ಸುಖವಾದರೂ ನನಗೆ ಉಳಿಯುತ್ತಿತ್ತು.

ತಯಾರಿಗೆಂದು ಡಾರ್ಕ್ ರೂಮನ್ನು ನಡುವೆ ಕಪ್ಪು ಪರದೆ ಕಟ್ಟಿ ಹಂಚಿಕೊಂಡೆವು. ಈ ಕಡೆ ನಾನು, ಆ ಕಡೆ ಆಕೆ. ಆಕೆಯ ಕಡೆಯಿಂದ ಸದಾ ಹುಡುಗರ ನಗು. ನನ್ನ ಕಡೆ ಸೋಡಿಯಂ ದೀಪದ ಗುಂಯ್ ಶಬ್ದ. ಒಂದು ಮಧ್ಯಾಹ್ನ ನಾನು ದೀಪ ಆರಿಸಿ ಚಹಾ ಕುಡಿದು ಬಂದಾಗ ಆ ಕಡೆ ನಗು ನಿಂತಿತ್ತು. ಆಕೆ ಪರದೆ ಸರಿಸಿ ಇಣುಕಿದಳು, ಮುಖ ಬಾಡಿತ್ತು.

"ಸರ್, ಸ್ವಲ್ಪ ನೋಡ್ತೀರಾ? ಎಲ್‌ಇಡಿ ಬಲ್ಬಲ್ಲಿ ಒಂದು ಹಳ್ಳ ಬರ್ತಿದೆ. ಬಲ್ಬ್ ಬದಲಾಯಿಸಿದೆ, ಬೇರೆ ಕಂಪನೀದು ಹಾಕಿದೆ, ನಿಮ್ಮ ಹಾಗೆ ತಂತುವಿನ ಬಲ್ಬೂ ಹಾಕಿದೆ. ಎಲ್ಲದರಲ್ಲೂ ಅದೇ ಜಾಗದಲ್ಲಿ ಹಳ್ಳ."

ಹೋಗಿ ನೋಡಿದೆ. ಬಿಳಿ ಬೆಳಕಿನ ನುಣುಪಾದ ಗುಡ್ಡದ ನಡುವೆ ಯಾರೋ ಚಾಕುವಿನಿಂದ ಕೆತ್ತಿದಂತೆ ಒಂದು ಕಿರಿದಾದ ಕಂದಕ. ಹುಡುಗರು ಬಲ್ಬಿನಲ್ಲೇ ಏನೋ ದೋಷವಿದೆ, ಇಲ್ಲ ಪೆಟ್ಟಿಗೆ ಕೆಟ್ಟಿದೆ ಎಂದು ವಾದಿಸುತ್ತಿದ್ದರು. ನಾನು ಅದರ ಕೆಳಗಿದ್ದ ಸಂಖ್ಯೆ ನೋಡಿದೆ. ಐನೂರ ಎಂಬತ್ತೊಂಬತ್ತು. ನನ್ನ ಮದುವೆಯ ತಾರೀಖು ಮರೆತರೂ ಈ ಸಂಖ್ಯೆ ಮರೆಯುವವನಲ್ಲ ನಾನು. ಅದು ಸೋಡಿಯಂ ಬೆಳಕಿನ ವಿಳಾಸ.

ಕ್ಷಣದಲ್ಲಿ ಎಲ್ಲ ಗೊತ್ತಾಯಿತು. ಈ ಪೆಟ್ಟಿಗೆಗಳ ಪದ್ಧತಿಯೇ ಹಾಗೆ. ನೋಡಬೇಕಾದ ದೀಪ ಹಚ್ಚುವ ಮೊದಲು ಕೋಣೆಯ ಕತ್ತಲನ್ನು ಒಮ್ಮೆ ದಾಖಲಿಸಿಕೊಳ್ಳಬೇಕು. ಆ ಕತ್ತಲಿನಲ್ಲಿ ಸಣ್ಣಪುಟ್ಟ ಬೆಳಕೇನಾದರೂ ಇದ್ದರೆ ಕಂಪ್ಯೂಟರ್ ಅದನ್ನು ಮುಂದಿನ ಎಲ್ಲ ಅಳತೆಗಳಿಂದ ಕಳೆಯುತ್ತದೆ. ಆಕೆ ಕತ್ತಲು ದಾಖಲಿಸುವಾಗ ಪರದೆಯ ಈ ಕಡೆ ನನ್ನ ಸೋಡಿಯಂ ದೀಪ ಉರಿಯುತ್ತಿತ್ತು, ಅದರ ಹಳದಿ ಚಾವಣಿಗೆ ಬಡಿದು ಆ ಕಡೆ ಇಳಿದಿತ್ತು. ಆಮೇಲೆ ನಾನು ದೀಪ ಆರಿಸಿ ಚಹಾಕ್ಕೆ ಹೋದೆ. ಕಂಪ್ಯೂಟರ್ ಮಾತ್ರ ಇಲ್ಲದ ಹಳದಿಯನ್ನು ಕಳೆಯುತ್ತಲೇ ಇತ್ತು.

ಬಾಯಿ ಮುಚ್ಚಿಕೊಂಡು ಹೊರಟುಬಿಡಬಹುದಿತ್ತು. ತಿಂಗಳ ಕೊನೆ ಹತ್ತಿರದಲ್ಲಿತ್ತು, ಆಕೆ ಇನ್ನಷ್ಟು ಬಲ್ಬು ಬದಲಾಯಿಸುತ್ತ ಕೂರಲಿ. ಆದರೆ ತಿಳಿದದ್ದನ್ನು ನುಂಗಿಕೊಂಡು ಸುಮ್ಮನಿರುವುದು ನನ್ನಂಥ ಮೇಷ್ಟರ ಕೈಯಲ್ಲಿ ಆಗುವ ಕೆಲಸವಲ್ಲ. ಅದೂ ಅಷ್ಟು ಹುಡುಗರ ಎದುರಿಗೆ! ಆಕೆ ಸೋಲುವುದಕ್ಕಿಂತ ನನಗೆ ಗೊತ್ತಿದೆ ಎಂದು ಅವರಿಗೆ ಗೊತ್ತಾಗುವುದು ನನಗೆ ಹೆಚ್ಚು ರುಚಿಸಿತು.

"ಮೇಡಂ, ನಿಮ್ಮ ಕತ್ತಲೇ ಸರಿಯಿಲ್ಲ," ಅಂದೆ. ಬಿಡಿಸಿ ಹೇಳಿದೆ. ಬೇಕೆಂದೇ ನಿಧಾನವಾಗಿ ಹೇಳಿದೆ.

ಆಕೆ ಪೆಚ್ಚಾಗುತ್ತಾಳೆ ಎಂದುಕೊಂಡಿದ್ದೆ. ಆಕೆ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ನಕ್ಕಳು. "ಅಯ್ಯೋ ಸರ್! ಎಂಥ ಚೆಂದ ಇದು! ಇದನ್ನೇ ಪ್ರಯೋಗಕ್ಕೆ ಹಾಕ್ತೀನಿ. ಬೇಕಂತ್ಲೇ ಕತ್ತಲು ಕೆಡಿಸಿ, ಹಳ್ಳ ತೋರಿಸಿ, ಯಾಕೆ ಬಂತು ಹೇಳಿ ಅಂತ ಹುಡುಗ್ರಿಗೆ ಕೇಳೋದು!"

ಹುಡುಗರು ಮತ್ತೆ ಚಪ್ಪಾಳೆ ತಟ್ಟಿದರು. ಕಂಡುಹಿಡಿದವನು ನಾನು, ಚಪ್ಪಾಳೆ ಆಕೆಗೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಇದಾದ ಮೇಲೆ ನನ್ನ ಕೆಲಸ ಕೆಡತೊಡಗಿತು. ನನ್ನ ಯಂತ್ರಗಳಲ್ಲಿ ಅತ್ಯುತ್ತಮವಾದದ್ದರ ಸ್ಲಿಟ್ ಸಿಕ್ಕಿಹಾಕಿಕೊಂಡಿತು. ತಿರುಪು ತಿರುಗಿಸಿದರೆ ಸೀಳು ಕಿರಿದಾಗುತ್ತಿರಲಿಲ್ಲ. ಜೊತೆಗೆ ದೆಹಲಿಯ ದೂಳು. ಸೀಳಿನ ಅಂಚಿಗೆ ದೂಳಿನ ಕಣ ಕೂತರೆ ಬಣ್ಣಗಳ ಉದ್ದಕ್ಕೂ ಕಪ್ಪು ಅಡ್ಡಗೆರೆ ಬೀಳುತ್ತವೆ. ಬೆಂಕಿಕಡ್ಡಿಯನ್ನು ಚೂಪಾಗಿ ಕೆತ್ತಿ ಸೀಳಿನಲ್ಲಿ ಎಳೆದು ದೂಳು ತೆಗೆಯುವುದನ್ನು ನಾನು ಬಲ್ಲೆ, ಆದರೆ ಸವೆದ ತಿರುಪಿಗೆ ಬೆಂಕಿಕಡ್ಡಿ ಏನು ಮಾಡೀತು? ಫರೀದಾಬಾದಿನಲ್ಲಿ ಇಂಥ ಉಪಕರಣ ರಿಪೇರಿ ಮಾಡುವ ಒಂದು ವರ್ಕ್‌ಶಾಪಿದೆ. ಯಂತ್ರವನ್ನು ಹಳೆಯ ಟವೆಲಿನಲ್ಲಿ ಸುತ್ತಿ, ಕಿಟ್‌ಬ್ಯಾಗಿನಲ್ಲಿಟ್ಟು ಮೆಟ್ರೋ ಹತ್ತಲು ಹೋದೆ. ತಪಾಸಣೆಯ ಯಂತ್ರದ ಬಳಿ ಪೊಲೀಸಿನವನು ತಡೆದ.

"ಯೇ ಕ್ಯಾ ಹೈ? ದೂರ್‌ಬೀನ್?"

"ನಹೀಂ, ಸ್ಪೆಕ್ಟ್ರೋಮೀಟರ್. ಬೆಳಕು... ರೋಶನೀ ದೇಖನೇ ಕಾ."

"ರೋಶನೀ ದೇಖನೇ ಕೇ ಲಿಯೇ ಇತನಾ ಭಾರೀ?" ಎಂದು ನಕ್ಕು ಬಿಟ್ಟ. ಇಷ್ಟು ಭಾರ ಬೇಕೇ ಎಂದು ಮುಖ್ಯಸ್ಥೆಯೂ ಕೇಳುವವರಿದ್ದರು. ಆಕೆಯ ಪೆಟ್ಟಿಗೆಯಾಗಿದ್ದರೆ ಅಂಗಿಯ ಜೇಬಿನಲ್ಲಿಟ್ಟುಕೊಂಡು ಹೋಗಬಹುದಿತ್ತು ಎಂಬುದು ಫರೀದಾಬಾದ್ ತಲುಪುವವರೆಗೂ ತಲೆಯಲ್ಲಿ ಕೊರೆಯುತ್ತಿತ್ತು.

ರಿಪೇರಿ ಚೆನ್ನಾಗಿಯೇ ಆಯಿತು. ಹೊಸ ತಿರುಪು ಬೆಣ್ಣೆಯಂತೆ ತಿರುಗುತ್ತಿತ್ತು. ಆದರೆ ಅವರು ಎರಡೂ ಕೊಳವೆಗಳನ್ನು ಬಿಚ್ಚಿ ಒರೆಸಿ ಮತ್ತೆ ಜೋಡಿಸಿದ್ದರು, ಆದ್ದರಿಂದ ನನ್ನ ಫೋಕಸ್ ಪೂರ್ತಿ ಹೋಗಿತ್ತು. ಟ್ಯಾಂಕಿಗೆ ತಿರುಗಿಸಿ ಮತ್ತೆ ಮಾಡಿಕೊಂಡರಾಯಿತು ಎಂದುಕೊಂಡೆ.

ತಾನೊಂದು ಬಗೆದರೆ ದೈವವೊಂದು ಬಗೆಯಿತು. ಮುಖ್ಯಸ್ಥೆ ಬರುವ ದಿನ ಬೆಳಿಗ್ಗೆ ಕಿಟಕಿ ತೆರೆದರೆ ಹೊರಗೆ ದೆಹಲಿಯೇ ಇರಲಿಲ್ಲ. ನವೆಂಬರಿನ ಹೊಗೆ ಆಟದ ಮೈದಾನದವರೆಗೂ ಬಂದು ಕೂತಿತ್ತು. ಗಂಟಲು ಕೆರೆಯುತ್ತಿತ್ತು. ನಾಳೆಯಿಂದ ಕಾಲೇಜು ಆನ್‌ಲೈನ್ ಎಂದು ಗುಸುಗುಸು, ಹಾಗಾಗಿ ಪರೀಕ್ಷೆ ಮುಂದೂಡುವ ಮಾತೂ ಇಲ್ಲ. ನನ್ನ ನೀರಿನ ಟ್ಯಾಂಕ್ ಎಲ್ಲಿತ್ತೋ ಅಲ್ಲಿ ಬೂದು ಗೋಡೆ. ಕಂಡದ್ದರಲ್ಲೆಲ್ಲ ದೂರದ್ದೆಂದರೆ ಗೇಟಿನ ಪಕ್ಕದ ಬೇವಿನ ಮರ. ಸ್ವಲ್ಪ ಹೊತ್ತು ಕಾದೆ. ಆಮೇಲೆ, ಟ್ಯಾಂಕಾದರೇನು ಬೇವಾದರೇನು, ನನ್ನ ಕಣ್ಣಿಗಿಲ್ಲವೇ ಅನುಭವ ಎಂದು ಬೇವಿನ ಎಲೆಗಳಿಗೇ ಫೋಕಸ್ ಮಾಡಿದೆ. ಕೊಲಿಮೇಟರನ್ನೂ ಅದಕ್ಕೇ ಹೊಂದಿಸಿ ಸ್ಲಿಟ್ ನೋಡಿದೆ. ಸೂಜಿಯಂತೆ ಚೂಪಾಗಿತ್ತು.

ಸೋಡಿಯಂ ಹಚ್ಚಿ ಆ ಎರಡು ಗೆರೆಗಳನ್ನು ಒಮ್ಮೆ ನೋಡಿಬಿಡಬೇಕಿತ್ತು. ವಿಭಾಗದಲ್ಲಿ ಉರಿಯುವ ಸೋಡಿಯಂ ದೀಪ ಒಂದೇ. ಅದನ್ನು ಆಕೆ ಬೆಳಿಗ್ಗೆಯೇ ಕೇಳಿ ಒಯ್ದಿದ್ದಳು, ಬೇಕೆಂದೇ ಕೆಡಿಸುವ ತನ್ನ ಕತ್ತಲಿಗೆ. ಹೋಗಿ ಕೇಳಲು ನನ್ನ ಬಿಗುಮಾನ ಬಿಡಲಿಲ್ಲ. ಆಕೆ ತಂದುಕೊಟ್ಟ ತಂತುವಿನ ಬಲ್ಬನ್ನೇ ಹಚ್ಚಿ ಬಣ್ಣಗಳ ಪಟ್ಟಿ ನೋಡಿ ಸಮಾಧಾನ ಪಟ್ಟುಕೊಂಡೆ. ತುಂಡಾಗದ ಪಟ್ಟಿಯಲ್ಲಿ ಫೋಕಸ್ ತಪ್ಪಿದ್ದು ಗೊತ್ತಾಗುವುದಿಲ್ಲ.

ಮೊದಲ ಸರದಿ ಆಕೆಯದು. ಮುಖ್ಯಸ್ಥೆ ಮಾಸ್ಕ್ ಹಾಕಿಕೊಂಡೇ ಬಂದು ಕುರ್ಚಿಯಲ್ಲಿ ಕುಳಿತರು, ಹಿಂದೆ ಎರಡನೆಯ ವರ್ಷದ ಹುಡುಗ ಹುಡುಗಿಯರು. ಆಕೆ ಮೋಂಬತ್ತಿ ತೋರಿಸಿದಳು, ಝಾಲರು ತೋರಿಸಿದಳು, ಸೋಡಿಯಂ ದೀಪದ ದಪ್ಪ ಗುಡ್ಡ ತೋರಿಸಿದಳು. ಕರೆಂಟ್ ಇದೆಯೇ ಎಂದು ನೋಡುವ ಟೆಸ್ಟರಿನೊಳಗಿನ ಪುಟ್ಟ ಕಿತ್ತಳೆ ದೀಪವನ್ನೂ ಬಿಡಲಿಲ್ಲ, ಅದರಲ್ಲಿ ನಿಯಾನಿನ ಗೆರೆಗಳ ಕಾಡೇ ಇತ್ತು. ಕೊನೆಗೆ ಹಳ್ಳ. ಮುಖ್ಯಸ್ಥೆ ಮುಂದಕ್ಕೆ ಬಾಗಿದರು. ಹುಡುಗರು ಊಹಿಸಿದರು, ಜಗಳಾಡಿದರು, ಕಡೆಗೆ ಒಬ್ಬಳು ಸರಿಯಾಗಿ ಹೇಳಿದಳು.

"ಯೇ ಮೇರಾ ಐಡಿಯಾ ನಹೀಂ ಮ್ಯಾಡಂ, ಸರ್ ನೇ ಪಕಡಾ ಥಾ," ಇದನ್ನು ಹಿಡಿದವರು ಸರ್, ಎಂದು ಆಕೆ ನನ್ನ ಕಡೆ ಕೈ ತೋರಿಸಿದಳು. ಗೆಲ್ಲುತ್ತಿರುವವರಿಗೆ ಇಂಥ ದೊಡ್ಡತನ ಸುಲಭ ಎಂದು ಮನಸ್ಸಿನಲ್ಲೇ ಗೊಣಗಿದೆ.

ನನ್ನ ಸರದಿ ಬಂತು. ದೀಪಗಳನ್ನು ಒಂದೊಂದಾಗಿ ತೋರಿಸಿದೆ. ಪಾದರಸದ ದೀಪದ ಹಸಿರು, ನೇರಳೆ ಗೆರೆಗಳು ಮೊದಲ ಸಾಲಿನಲ್ಲಿ ಒಂದಕ್ಕೊಂದು ದೂರ ದೂರ, ಆದ್ದರಿಂದ ಅಲ್ಲಿ ಏನೂ ತೊಂದರೆಯಾಗಲಿಲ್ಲ. ಮುಖ್ಯಸ್ಥೆ ಒಮ್ಮೆ ಮಾತ್ರ "ಗರ್ದನ್ ದುಖ್ ಗಯೀ" ಎಂದು ಕುತ್ತಿಗೆ ನೀವಿಕೊಂಡರು. ಆಗ ನನ್ನ ತುರುಪು ತೆಗೆದೆ. ಸೋಡಿಯಂ ದೀಪವನ್ನು ಸ್ಲಿಟ್ಟಿನ ಎದುರಿಗೆ ತಂದು, ಟೆಲಿಸ್ಕೋಪನ್ನು ಎರಡನೆಯ ಸಾಲಿನವರೆಗೆ ತಿರುಗಿಸಿ, ಗಂಟಲು ಸರಿಮಾಡಿಕೊಂಡು ಹಿಂದಿಯಲ್ಲಿ ಭಾಷಣ ಬಿಗಿದೆ. ಪರದೆಯ ಮೇಲೆ ನೀವು ಕಂಡದ್ದು ಒಂದು ಗುಡ್ಡ, ನಿಜವಾಗಿ ಇರುವುದು ಎರಡು ಗೆರೆ, ಅದನ್ನು ಈ ಹಳೆಯ ಯಂತ್ರ ಮಾತ್ರ ತೋರಿಸುತ್ತದೆ, ಬನ್ನಿ ನೋಡಿ.

ಮುಖ್ಯಸ್ಥೆ ಕಣ್ಣು ಹಚ್ಚಿದರು.

"ಏಕ್ ಹೀ ತೋ ಹೈ, ಸರ್ ಜೀ."

"ಧ್ಯಾನ್ ಸೇ ದೇಖಿಯೇ."

"ಧ್ಯಾನ್ ಸೇ ಹೀ ದೇಖ್ ರಹೀ ಹೂಂ. ಏಕ್ ಹೈ. ಮೋಟಾ ಸಾ."

ನಾನು ಬಾಗಿ ನೋಡಿದೆ. ಒಂದೇ ಇತ್ತು. ಎಣ್ಣೆ ಕುಡಿದು ಊದಿಕೊಂಡ ಬತ್ತಿಯಂತೆ ದಪ್ಪಗೆ, ಅಂಚು ಮಸುಕಾಗಿ ನಿಂತಿತ್ತು. ಸ್ಲಿಟ್ ಕಿರಿದು ಮಾಡಿದೆ. ಬೆಳಕು ಸಣ್ಣಗಾಯಿತು, ಗೆರೆ ಒಂದೇ ಉಳಿಯಿತು. ದೀಪ ಇನ್ನೂ ಸರಿಯಾಗಿ ಕಾದಿಲ್ಲ ಅಂದೆ. ಆಕೆಯ ಮೇಜಿನ ಮೇಲೆ ಅದು ಬೆಳಿಗ್ಗೆಯಿಂದ ಉರಿಯುತ್ತಲೇ ಇತ್ತು, ಅಲ್ಲಿದ್ದವರಿಗೆಲ್ಲ ಗೊತ್ತು. ವೋಲ್ಟೇಜ್ ಕಡಿಮೆ ಇದೆ ಅಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹಿಂದೆ ಯಾರೋ ಕಿಸಕ್ಕೆಂದರು. ಮುಖ್ಯಸ್ಥೆ ಗಡಿಯಾರ ನೋಡಿಕೊಂಡರು.

ಆಗ ಬೇವಿನ ಮರ ನೆನಪಾಯಿತು. ಟೆಲಿಸ್ಕೋಪ್ ಹತ್ತಿರದ ವಸ್ತುವಿಗೆ ಹೊಂದಿಕೊಂಡಿದ್ದರೂ ನೇರವಾಗಿ ನೋಡಿದಾಗ ಸ್ಲಿಟ್ ಚೂಪಾಗಿಯೇ ಕಾಣುತ್ತದೆ. ಟೆಲಿಸ್ಕೋಪನ್ನು ಪಕ್ಕಕ್ಕೆ, ಎರಡನೆಯ ಸಾಲಿಗೆ ಒಯ್ದಾಗಲೇ ಆ ತಪ್ಪು ಮೈಮೇಲೆ ಬರುವುದು. ನನ್ನ ನಿಯಮದ ಪ್ರಕಾರ ಸರಿಮಾಡಬೇಕಾದರೆ ಕಿಟಕಿಗೆ ಹೋಗಬೇಕು. ಕಿಟಕಿಯ ಆಚೆ ಟ್ಯಾಂಕಿಲ್ಲ.

"ಸರ್," ಎಂದು ಆಕೆ ಪಕ್ಕದಲ್ಲಿ ಬಂದು ನಿಂತಳು. ಕನ್ನಡದಲ್ಲಿ, ಮೆಲ್ಲಗೆ ಕೇಳಿದಳು. "ಫೋಕಸ್ ಸ್ವಲ್ಪ ಆಚೀಚೆ ಮಾಡಿ ನೋಡ್ಲಾ?"

ಮಾತು ಕನ್ನಡದ್ದಾದರೂ ಆಕೆಯ ಕೈ ಎಲ್ಲಿಗೆ ಹೋಗುತ್ತಿದೆ ಎಂದು ಎಲ್ಲರಿಗೂ ಕಾಣುತ್ತಿತ್ತು. "ಅರೇ, ಸರ್ ಕಾ ಸ್ಕ್ರೂ!" ಎಂದು ಒಬ್ಬ ಹುಡುಗ ಪಿಸುಗುಟ್ಟಿದ. ಕೋಣೆಯೆಲ್ಲ ನನ್ನ ಮುಖ ನೋಡಿತು. ಅದನ್ನು ಮುಟ್ಟಿದ್ದಕ್ಕೆ ನಾನು ಎಷ್ಟು ಜನರನ್ನು ಬೈದಿದ್ದೆ! ಅವರಲ್ಲಿ ಕೆಲವರು ಅಲ್ಲೇ ನಿಂತಿದ್ದರು. ಬೇಡ ಅಂದರೆ ನನ್ನ ನಿಯಮ ಉಳಿಯುತ್ತಿತ್ತು, ಯಂತ್ರ ತಳ್ಳುಗಾಡಿ ಹತ್ತುತ್ತಿತ್ತು. ನಾನೇ ತಿರುಗಿಸೋಣವೆಂದರೆ ಕೈ ಏಳಲಿಲ್ಲ. ಅದೊಂದು ವಿಚಿತ್ರ. ಇಷ್ಟು ವರ್ಷ ಇತರರಿಗೆ ಹಾಕಿದ ಬೇಲಿ ನನಗೂ ಬಿದ್ದಿತ್ತು.

"ತಿರುಗಿಸಿ," ಅಂದೆ.

ಆಕೆ ಒಂದು ಕಣ್ಣು ಮುಚ್ಚಿ ಬಾಗಿದಳು. ತಿರುಪನ್ನು ಒಂದಿಷ್ಟು ಆ ಕಡೆ, ಮತ್ತೆ ಈ ಕಡೆ ತಿರುಗಿಸಿದಳು. ಆಮೇಲೆ ಕೈ ನಿಂತಿತು. ಆಕೆಯ ಕೆನ್ನೆಯ ಮೇಲೆ ಸಣ್ಣದೊಂದು ಹಳದಿ ಚುಕ್ಕೆ ಬಿದ್ದಿತ್ತು. ಅಷ್ಟು ಹೊತ್ತು ಆಕೆ ಅಲುಗಾಡದೆ ಇದ್ದದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ.

"ಏನಾಯ್ತು?" ಎಂದು ತಡೆಯಲಾರದೆ ಕೇಳಿದೆ.

"ಅಯ್ಯೋ," ಅಂದಳು. "ಎರಡು. ಸರ್, ನಿಜವಾಗ್ಲೂ ಎರಡಿದೆ!"

ಮುಖ್ಯಸ್ಥೆ ಬಂದು ನೋಡಿದರು. ಮಾಸ್ಕ್ ಕೆಳಗೆ ಎಳೆದುಕೊಂಡು ಮತ್ತೆ ನೋಡಿದರು. "ಅಚ್ಛಾ! ದೋ ಹೈಂ! ಬಿಲ್ಕುಲ್ ದೋ!" ಆಮೇಲೆ ಹುಡುಗರ ಸಾಲು ನಿಂತಿತು. ಒಬ್ಬೊಬ್ಬರೂ ನೋಡಿ ಏಳುವಾಗ ಏನಾದರೊಂದು ಶಬ್ದ ಮಾಡುತ್ತಿದ್ದರು. ಚಪ್ಪಾಳೆ ಯಾರೂ ತಟ್ಟಲಿಲ್ಲ. ಸಾಲಿನ ಕೊನೆಯಲ್ಲಿ ಆಕೆಯೂ ನಿಂತಿದ್ದಳು, ಎರಡನೆಯ ಸಲಕ್ಕೆ.

ತೀರ್ಪು ಅಲ್ಲೇ ಆಯಿತು. ಡಾರ್ಕ್ ರೂಮ್ ಆಕೆಗೆ, ಬಾಗಿಲಿನ ಫಲಕದ ಮೇಲೆ ಇನ್ನು ಆಕೆಯ ಹೆಸರು. ಹಿತ್ತಾಳೆಯವು ಹರಾಜಿಗೆ ಹೋಗುವುದಿಲ್ಲ. ಹುಡುಗರು ಮೊದಲು ಅವುಗಳಲ್ಲಿ ಕಣ್ಣಿಟ್ಟು ನೋಡಬೇಕು, ಅದನ್ನು ನಾನು ಕಲಿಸಬೇಕು, ಆಮೇಲೆ ಪೆಟ್ಟಿಗೆ. ಯಂತ್ರಗಳು ಉಳಿದದ್ದಕ್ಕೆ ಸಂತೋಷವಾಯಿತು. ಫಲಕದ ಮಾತು ಕೇಳಿ ಹೊಟ್ಟೆ ಉರಿಯಿತು. ಎರಡೂ ಒಟ್ಟಿಗೇ ಆದವು, ಒಂದು ಇನ್ನೊಂದನ್ನು ಕಡಿಮೆ ಮಾಡಲಿಲ್ಲ.

ಎಲ್ಲರೂ ಹೋದ ಮೇಲೆ ನಾನು ಟೆಲಿಸ್ಕೋಪಿಗೆ ಕಣ್ಣಿಟ್ಟೆ. ಎರಡು ಗೆರೆ, ನಡುವೆ ಕೂದಲೆಳೆಯಷ್ಟು ಕತ್ತಲು. ಇದ್ದ ಹಾಗೇ ಇದ್ದವು. ಫೋಕಸ್ ಚೆನ್ನಾಗಿ ಹಿಡಿದಿದ್ದಾಳೆ ಎಂದುಕೊಂಡೆ, ಅಷ್ಟೇ. ಬೇರೇನೂ ಅನಿಸಲಿಲ್ಲ.

ಆಕೆ ತಂತಿಗಳನ್ನು ಸುತ್ತಿಡುತ್ತಿದ್ದಳು. "ಹಿಂದೆ ಯಾವತ್ತೂ ನೋಡಿರ್ಲಿಲ್ವಾ?" ಎಂದು ಕೇಳಿದೆ.

"ಇಲ್ಲ ಸರ್. ನಮ್ಮ ಕಾಲೇಜಲ್ಲಿ ಗ್ರೇಟಿಂಗ್ ಎಲ್ಲ ಗೀಚಿಹೋಗಿತ್ತು. ಒಂದೇ ಕಾಣ್ತಿತ್ತು. ಎರಡು ಕಾಣ್ಬೇಕು ಅಂತ ಪುಸ್ತಕದಲ್ಲಿತ್ತಲ್ಲ, ಎಲ್ಲರೂ ಎರಡು ಅಂತ ಬರೆದ್ವಿ. ಪಿಎಚ್‌ಡಿ ಎಲ್ಲ ಸ್ಕ್ರೀನ್ ಮೇಲೇ ಮುಗೀತು. ಇವತ್ತೇ ಮೊದಲು."

ಇವತ್ತೇ ಮೊದಲು. ನಾನೂ ಒಂದು ದಿನ ತುಮಕೂರಿನಲ್ಲಿ ಹಾಗೆ ಬಾಗಿ ಮೊದಲ ಸಲ ನೋಡಿದ್ದಿರಬೇಕು, ಹಾಗೇ ಅಯ್ಯೋ ಅಂದಿರಬೇಕು. ಎಷ್ಟು ಯೋಚಿಸಿದರೂ ಆ ದಿನ ನೆನಪಿಗೆ ಬರಲಿಲ್ಲ. ಫಲಕ ಹೋಗಲಿ, ಕೋಣೆ ಹೋಗಲಿ. ಆಕೆಯ ಆ ಒಂದು ಅಯ್ಯೋ ಇದೆಯಲ್ಲ, ಅದರ ಮೇಲೆ ಆದಷ್ಟು ಹೊಟ್ಟೆಕಿಚ್ಚು ನನಗೆ ಆ ಪೆಟ್ಟಿಗೆಯ ಮೇಲೂ ಆಗಿರಲಿಲ್ಲ.

ಮನೆಗೆ ಹೊರಡುವ ಹೊತ್ತಾಗಿತ್ತು. ಸೋಡಿಯಂ ದೀಪದ ಸ್ವಿಚ್ಚಿನ ಮೇಲೆ ಕೈಯಿಟ್ಟೆ.

"ಸರ್, ಆರಿಸ್ಬೇಡಿ. ಇನ್ನೊಂದೇ ಒಂದು ಸಲ ನೋಡ್ಲಾ?"

ಆರಿಸಿಬಿಡೋಣ ಅನಿಸಿತು. ಆ ಸ್ವಿಚ್ಚೊಂದು ಇನ್ನೂ ನನ್ನ ಕೈಯಲ್ಲಿತ್ತು. ಕೈ ತೆಗೆದೆ.

"ನೋಡಮ್ಮಾ," ಅಂದೆ.